ಹಂಗಳದಿಂದ ಕಂಡ ನವೆಂಬರ್ ಒಂದು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹೊರಟರೆ ಹಂಗಳ ಸಿಗುತ್ತದೆ. ಅದು ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನೇರ ಹೋದರೆ ಮೇಲುಕಾಮನಹಳ್ಳಿ, ಬಂಡೀಪುರ, ಕೆಕ್ಕನಹಳ್ಳ, ಅಲ್ಲಿಂದಾಚೆ ತಮಿಳುನಾಡಿನ ಮುದುಮಲೆ ಕಾಡು. ಗುಂಡ್ಲುಪೇಟೆಯಲ್ಲೇ ಕವಲೊಡೆಯುವ ಇನ್ನೊಂದು ರಸ್ತೆ ಮದ್ದೂರು, ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತೇರಿಗೆ ಇಳಿಯುತ್ತದೆ. ಮೂರು ರಾಜ್ಯಗಳು ಒಂದೇ ಕಾಡನ್ನು ಹಂಚಿಕೊಂಡಿರುವ ಮೂಲೆ ಇದು.

ಈ ಮೂರೂ ರಾಜ್ಯಗಳ ಇಂದಿನ ನಕ್ಷೆಯ ಮೇಲೆ ಒಂದೇ ತಾರೀಖಿನ ಮುದ್ರೆಯಿದೆ: 1956ರ ನವೆಂಬರ್ 1. ಆದರೆ ಆ ತಾರೀಖು ಬಂದಾಗ ಮೂರು ಕಡೆ ಮೂರು ಬಗೆ. ಹಂಗಳದ ಶಾಲೆಯಲ್ಲಿ ಕನ್ನಡ ರಾಜ್ಯೋತ್ಸವ. ಬತೇರಿಯಲ್ಲಿ ಕೇರಳ ಪಿರವಿ, ಅಂದರೆ ಕೇರಳದ ಹುಟ್ಟುದಿನ. ಮುದುಮಲೆ ದಾಟಿ ಸಿಗುವ ಗೂಡಲೂರಿನಲ್ಲಿ ಅಂಥ ಸಡಗರವಿಲ್ಲ. ತಮಿಳುನಾಡು ಸರ್ಕಾರ ತನ್ನ ನಾಡಿನ ದಿನವನ್ನು ಜುಲೈ 18ಕ್ಕೆ ಇಟ್ಟುಕೊಂಡಿದೆ.

'ಇತಿಹಾಸದಲ್ಲಿ ಈ ದಿನ' ಎಂಬ ಪಟ್ಟಿಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಒಂದು ತಾರೀಖಿನ ಕೆಳಗೆ ಯುದ್ಧ, ಭೂಕಂಪ, ಜನನ, ಮರಣ, ರಾಜ್ಯೋದಯ ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಮುಗಿಸುತ್ತವೆ. ಅವೆಲ್ಲ ಆ ದಿನಕ್ಕೆ ಬಂದು ಸೇರಿದ್ದು ಹೇಗೆ? ನವೆಂಬರ್ 1ನ್ನೇ ಮಾದರಿಯಾಗಿ ಇಟ್ಟುಕೊಂಡು ನೋಡಿದರೆ ನಾಲ್ಕು ದಾರಿಗಳು ಕಾಣುತ್ತವೆ. ಕೆಲವು ಘಟನೆಗಳು ಅಲ್ಲಿ ತಾವಾಗಿ ಬಿದ್ದವು. ಕೆಲವು ಕಚೇರಿಯ ಅನುಕೂಲಕ್ಕೆ ಬಂದವು. ಕೆಲವನ್ನು ಹಿಂದಿನ ಘಟನೆ ನೋಡಿ ಬೇಕೆಂದೇ ಅಲ್ಲಿಟ್ಟರು. ಇನ್ನು ಕೆಲವಕ್ಕೆ ಆ ದಿನವೇ ಕಾರಣವಾಯಿತು. ಈ ನಾಲ್ಕನ್ನು ಬೇರೆ ಮಾಡದಿದ್ದರೆ ಪಟ್ಟಿ ಓದಿದವರಿಗೆ ಅಚ್ಚರಿಯಾದೀತೇ ಹೊರತು ತಿಳಿವಳಿಕೆ ಹೆಚ್ಚದು.

ಪಟ್ಟಿಯ ಲೆಕ್ಕ

ದಿನವಿಶೇಷ ಬರೆಯುವ ಚಾಳಿ ಹಳೆಯದು. ಕ್ರೈಸ್ತ ಮಠಗಳಲ್ಲಿ ಸಂತರ ದಿನಗಳನ್ನು ತಿಂಗಳುವಾರು ಬರೆದಿಡುತ್ತಿದ್ದರು. ಎಡಿನ್‌ಬರೋದ ರಾಬರ್ಟ್ ಚೇಂಬರ್ಸ್ 1860ರ ದಶಕದಲ್ಲಿ 'ಬುಕ್ ಆಫ್ ಡೇಸ್' ಎಂಬ ದಪ್ಪ ಪುಸ್ತಕವನ್ನೇ ಹೊರತಂದ. ವರ್ಷದ ಪ್ರತಿ ದಿನಕ್ಕೂ ಅಲ್ಲಿ ಒಂದಿಷ್ಟು ಸಂಗತಿ. ನಮ್ಮ ಪತ್ರಿಕೆಗಳ ದಿನವಿಶೇಷ ಅಂಕಣ, ಆಕಾಶವಾಣಿಯ ಬೆಳಗಿನ ಮಾತು, ಶಾಲೆಯ ಪ್ರಾರ್ಥನೆ ಹೊತ್ತಿನಲ್ಲಿ ಹುಡುಗರು ಓದುವ ಚೀಟಿ ಎಲ್ಲ ಇದೇ ವಂಶದವು.

ಇಲ್ಲಿ ಮೊದಲು ನೆನಪಿಡಬೇಕಾದದ್ದು ಸರಳ ಗಣಿತ. ನೆನಪಿಡತಕ್ಕ ಹತ್ತು ಸಾವಿರ ಘಟನೆಗಳನ್ನು ಯಾರಾದರೂ ಕಲೆಹಾಕಿದರೆ 365 ದಿನಗಳಲ್ಲಿ ಒಂದೊಂದಕ್ಕೆ ಸರಾಸರಿ 27 ಬೀಳುತ್ತವೆ. ಒಂದು ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹೀಗಿರುವಾಗ ಒಂದೇ ತಾರೀಖಿನಲ್ಲಿ ಎರಡು ದೊಡ್ಡ ಘಟನೆ ಸಿಕ್ಕಿದ್ದರಲ್ಲಿ ವಿಶೇಷವಿಲ್ಲ. ಯಾವ ತಾರೀಖಿನಲ್ಲೂ ಸಿಗದೇ ಹೋಗಿದ್ದರೆ ಅದು ವಿಶೇಷವಾಗುತ್ತಿತ್ತು.

ಕಾಕತಾಳೀಯವನ್ನು ಕಾರಣವೆಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿ ನಮ್ಮ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ವರ್ಷಗಟ್ಟಲೆ ಓಡಾಡಿತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಆಮೇಲೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿ 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರು. ಕರ್ನಾಟಕದಲ್ಲಿ ಅವಧಿ ಪೂರ್ತಿ ಮುಗಿಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು. ಬಂದವರೂ ಕುರ್ಚಿ ಕಳೆದುಕೊಂಡರು, ಬಾರದವರೂ ಕಳೆದುಕೊಂಡರು. ಲೆಕ್ಕಕ್ಕೆ ಹಿಡಿದದ್ದು ಬಂದವರನ್ನು ಮಾತ್ರ. ದಿನಗಳ ಮಹಿಮೆ ಹೇಳುವ ಪಟ್ಟಿಗಳೂ ಹೀಗೆಯೇ ಎಣಿಸುತ್ತವೆ: ಆ ದಿನ ನಡೆದದ್ದು ಪಟ್ಟಿಗೆ ಸೇರುತ್ತದೆ, ಅಂಥದ್ದೇ ಬೇರೆ ದಿನ ನಡೆದದ್ದು ಹೊರಗುಳಿಯುತ್ತದೆ.

1956: ಒಂದು ಕಾಯಿದೆ, ಹಲವು ಗಡಿ

ತೆಲುಗು ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ತೀರಿಕೊಂಡರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು. ಬಳ್ಳಾರಿ ಸೀಮೆ ಮೈಸೂರಿಗೆ ಬಂದದ್ದೂ ಅಂದೇ. ಅದೇ ವರ್ಷ ಡಿಸೆಂಬರಿನಲ್ಲಿ ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್ ಕೊನೆಗೆ ವರದಿ ಬಂತು, 1956ರ ಆಗಸ್ಟ್ ಕೊನೆಗೆ ರಾಜ್ಯ ಪುನರ್ವಿಂಗಡಣಾ ಕಾಯಿದೆಯಾಯಿತು. ಅದು ಜಾರಿಗೆ ಬಂದ ದಿನ ನವೆಂಬರ್ 1, ಗುರುವಾರ.

ಅಂದು ಮೈಸೂರು ರಾಜ್ಯಕ್ಕೆ ಬಂದು ಸೇರಿದ್ದು ಇವು: ಮುಂಬಯಿಯಿಂದ ಚಂದಗಡ ಬಿಟ್ಟು ಬೆಳಗಾವಿ, ಜೊತೆಗೆ ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಬಹುಭಾಗ, ಮದ್ರಾಸಿನಿಂದ ಕಾಸರಗೋಡು ಬಿಟ್ಟ ದಕ್ಷಿಣ ಕನ್ನಡ, ಮತ್ತೆ ಕೊಡಗು. ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅದೇ ಸಾಲಿನ ಕೊನೆಗಿದ್ದ ಒಂದು ತಾಲ್ಲೂಕು ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಹತ್ತಿರದ್ದು: ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚುವಾಗ ಗುಂಡ್ಲುಪೇಟೆ, ಹಂಗಳ ಮೈಸೂರು ಅರಸರಿಗೆ ಉಳಿದವು. ಕೊಯಮತ್ತೂರಿನ ಸೀಮೆ ಕಂಪನಿಗೆ ಹೋಯಿತು, ಅದರೊಂದಿಗೆ ಕೊಳ್ಳೇಗಾಲವೂ ಹೋಯಿತು. ಮಲೆ ಮಹದೇಶ್ವರ ಬೆಟ್ಟ ಆಗ ಆ ತಾಲ್ಲೂಕಿನಲ್ಲಿತ್ತು. ಜನರ ಬಾಯಲ್ಲಿ ಅದು ಏಳುಮಲೆ, ಅಲ್ಲಿನ ದೇವರು ಮಾದಪ್ಪ. ಅಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಂಗಳದಿಂದ ಏಳುಮಲೆಗೆ ಪರಸೆ ಹೊರಟವರು ಮದ್ರಾಸಿನ ಆಡಳಿತದ ನೆಲಕ್ಕೆ ಕಾಲಿಟ್ಟೇ ಮಾದಪ್ಪನ ಮುಂದೆ ನಿಲ್ಲಬೇಕಿತ್ತು. 1956ರ ನವೆಂಬರ್ 1 ದೀಪಾವಳಿ ಅಮಾವಾಸ್ಯೆಯ ಮುನ್ನಾದಿನವಾಗಿ ಬಂತು. ದೀಪಾವಳಿಯೆಂದರೆ ಬೆಟ್ಟದ ಜಾತ್ರೆಯ ಕಾಲ. ಬುಧವಾರ ಮಲೆ ಹತ್ತಿ ಮಾದಪ್ಪನ ಸನ್ನಿಧಿಯಲ್ಲೇ ರಾತ್ರಿ ಕಳೆದವರಿದ್ದರೆ, ಅವರು ಹತ್ತಿದ್ದು ಮದ್ರಾಸ್ ರಾಜ್ಯದ ಬೆಟ್ಟವನ್ನು, ಇಳಿದದ್ದು ಮೈಸೂರು ರಾಜ್ಯದ ಬೆಟ್ಟದಿಂದ.

ಹೆಸರು ಹೊರಳಿದಷ್ಟು ಬೇಗ ಕಾನೂನು ಹೊರಳಲಿಲ್ಲ. ಹೊಸದಾಗಿ ಬಂದ ಪ್ರದೇಶಗಳಲ್ಲಿ ಹಳೆಯ ರಾಜ್ಯದ ಕಾಯಿದೆಗಳೇ, ಹೊಸ ಶಾಸನಸಭೆ ಬದಲಿಸುವವರೆಗೆ, ಮುಂದುವರಿಯುತ್ತವೆ ಎಂದು ಪುನರ್ವಿಂಗಡಣಾ ಕಾಯಿದೆ ಹೇಳಿತ್ತು. ಅದಕ್ಕೇ ಆ ಕಾಲದ ರಾಜ್ಯ ಶಾಸನಗಳಲ್ಲಿ 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ' ಎಂಬ ವಿಚಿತ್ರ ಜೋಡಿ ಸಿಗುತ್ತದೆ. ಒಂದು ಕಡಲ ದಂಡೆಯಲ್ಲಿ, ಇನ್ನೊಂದು ಕಾವೇರಿಯ ಮಗ್ಗುಲಲ್ಲಿ. ನಡುವೆ ಘಟ್ಟ, ಹಾಸನ, ಮೈಸೂರು. ಎರಡಕ್ಕೂ ಇದ್ದ ನಂಟು ಇಷ್ಟೇ: ಹಿಂದಿನ ದಿನದವರೆಗೆ ಎರಡೂ ಮದ್ರಾಸಿನವು. ಕಂದಾಯದ ಐದಾರು ಬಗೆಯ ಕಟ್ಟಳೆಗಳು ಹೋಗಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯಿದೆ ಜಾರಿಗೆ ಬಂದದ್ದು 1964ರ ಏಪ್ರಿಲ್ 1ಕ್ಕೆ. ಪಟ್ಟಿಯಲ್ಲಿ ಒಂದು ದಿನವೆಂದು ಕಾಣುವ ಏಕೀಕರಣ ಕಂದಾಯದ ಕಡತಗಳಲ್ಲಿ ಏಳೂವರೆ ವರ್ಷ ಹಿಡಿಯಿತು.

ಕೊಳ್ಳೇಗಾಲ ಇಡೀ ತಾಲ್ಲೂಕಾಗಿ ಬಂತು. ಚಾಮರಾಜನಗರಕ್ಕೆ ಅಂಟಿಕೊಂಡೇ ಇರುವ, ಕನ್ನಡದ ಮನೆಗಳಿಂದಲೇ ತುಂಬಿದ ತಾಳವಾಡಿ ಸೀಮೆ ಒಂದು ತಾಲ್ಲೂಕಿನ ತುಣುಕು ಮಾತ್ರವಾಗಿತ್ತು. ಅದು ಮದ್ರಾಸಿನಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಅಲ್ಲಿಯದು. ಇಂದು ಅದು ಈರೋಡ್ ಜಿಲ್ಲೆಯಲ್ಲಿದೆ. ಕನ್ನಡ ಚಳವಳಿಗೆ ಮುಖವಾಗಿ ನಿಂತ ನಟನ ಹುಟ್ಟೂರು ರಾಜ್ಯೋತ್ಸವದ ಗಡಿಯ ಆಚೆಗೆ ಬಿತ್ತು. ಪಶ್ಚಿಮಕ್ಕೆ ವಯನಾಡೂ ಅಂದೇ ಮನೆ ಬದಲಿಸಿತು: ಮದ್ರಾಸಿನ ಮಲಬಾರ್ ಜಿಲ್ಲೆಯೊಂದಿಗೆ ಅದು ಕೇರಳಕ್ಕೆ ಸೇರಿತು. ಹಂಗಳದ ಪಾಲಿಗೆ ಆ ಗುರುವಾರದ ಅರ್ಥ ಇಷ್ಟು: ಮೂಡಣಕ್ಕಿದ್ದ ಮದ್ರಾಸಿನ ಕೊಳ್ಳೇಗಾಲ ನಮ್ಮದಾಯಿತು, ಪಡುವಣದ ಮದ್ರಾಸ್ ಕೇರಳವಾಯಿತು, ತೆಂಕಣದ ನೀಲಗಿರಿ ಮದ್ರಾಸಾಗಿಯೇ ಉಳಿಯಿತು.

ಅಂದು ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು. ಕಡಿದಾಳ್ ಮಂಜಪ್ಪನವರ ಸ್ಥಾನಕ್ಕೆ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿ ಬಂದರು. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅಂದಿನಿಂದ ರಾಜ್ಯಪಾಲರಾದರು. ಅದೇ ದಿನ ಬುಡಾಪೆಸ್ಟಿನಲ್ಲಿ ಇಮ್ರೆ ನಾಜ್ ಹಂಗೇರಿ ವಾರ್ಸಾ ಒಪ್ಪಂದದಿಂದ ಹೊರಬರುತ್ತದೆಂದು ಸಾರಿದರು. ಸೂಯೆಜ್ ಯುದ್ಧಕ್ಕಾಗಿ ವಿಶ್ವಸಂಸ್ಥೆಯ ಮಹಾಸಭೆ ತುರ್ತಾಗಿ ಸೇರಿತು. ಹಂಗೇರಿ, ಸೂಯೆಜ್, ಕೊಳ್ಳೇಗಾಲ ಮೂರೂ ಒಂದೇ ದಿನದ್ದು ನಿಜ. ಆದರೆ ಇವು ತಾವಾಗಿ ಜೊತೆ ಬಿದ್ದವು. ಅವುಗಳ ನಡುವೆ ಎಳೆ ಹುಡುಕುವುದು ವ್ಯರ್ಥ.

ತಿಂಗಳ ಮೊದಲ ದಿನ

ಸರ್ಕಾರಕ್ಕೆ ಒಂದನೇ ತಾರೀಖೆಂದರೆ ಅಕ್ಕರೆ. ಸಂಬಳ, ಲೆಕ್ಕ, ಖಜಾನೆ, ವರ್ಗಾವಣೆ ಎಲ್ಲಕ್ಕೂ ತಿಂಗಳ ಆರಂಭವೇ ಸಲೀಸು. ರಿಸರ್ವ್ ಬ್ಯಾಂಕ್ ಶುರುವಾದದ್ದು 1935ರ ಏಪ್ರಿಲ್ 1. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1. ಬಂಡೀಪುರವೂ ಮೊದಲ ಒಂಬತ್ತರಲ್ಲಿ ಒಂದಾಗಿದ್ದ ಹುಲಿ ಯೋಜನೆಗೆ ಚಾಲನೆ ಸಿಕ್ಕಿದ್ದು 1973ರ ಏಪ್ರಿಲ್ 1. ಇವನ್ನು ಒಟ್ಟಿಗೆ ಇಟ್ಟರೆ ಏಪ್ರಿಲ್ 1ಕ್ಕೆ ಏನೋ ಮಹಿಮೆ ಇದೆ ಅನ್ನಿಸಬಹುದು. ಇರುವುದು ಆರ್ಥಿಕ ವರ್ಷದ ಮೊದಲ ಪುಟ.

ನವೆಂಬರ್ 1ರ ಎಷ್ಟೋ ಘಟನೆಗಳು ಇದೇ ಜಾತಿಯವು. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿ ಕಂಪನಿ ಆಡಳಿತದ ಕೊನೆ ಸಾರಿದ. ಕೊಳ್ಳೇಗಾಲ ಅಂದಿನಿಂದ ರಾಣಿಯ ನೆಲ. ಹಂಗಳ ಒಡೆಯರ ನೆಲವೆಂಬ ಹೆಸರಿನಲ್ಲೇ ಇದ್ದರೂ ಆಡಳಿತ ನಡೆಸುತ್ತಿದ್ದವರು ಬ್ರಿಟಿಷ್ ಕಮಿಷನರು. ಅದು ಒಡೆಯರ ಕೈಗೆ ಮರಳಿದ್ದು 1881ರಲ್ಲಿ. 1966ರ ನವೆಂಬರ್ 1ರಂದು ಪಂಜಾಬ್ ಇಬ್ಭಾಗವಾಗಿ ಹರಿಯಾಣ ಬಂತು. 1993ರ ನವೆಂಬರ್ 1ರಂದು ಮಾಸ್ಟ್ರಿಕ್ಟ್ ಒಪ್ಪಂದ ಜಾರಿಯಾಗಿ ಐರೋಪ್ಯ ಒಕ್ಕೂಟ ಹುಟ್ಟಿತು. ಲಂಡನ್, ದೆಹಲಿ, ಬ್ರಸೆಲ್ಸ್ ಒಬ್ಬರನ್ನೊಬ್ಬರು ನೋಡಿ ದಿನ ಆರಿಸಿದ್ದಲ್ಲ.

ಬೇಕೆಂದೇ ಆರಿಸಿದ ದಿನ

1956ರ ಕಾಯಿದೆ ರಾಜ್ಯವನ್ನು ದೊಡ್ಡದು ಮಾಡಿತು, ಹೆಸರನ್ನು ಮೈಸೂರೆಂದೇ ಬಿಟ್ಟಿತು. 'ಕರ್ನಾಟಕ' ಎಂಬ ಹೆಸರು ಬಂದದ್ದು ಹದಿನೇಳು ವರ್ಷದ ಮೇಲೆ, ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. 1972ರಲ್ಲಿ ಶಾಸನಸಭೆ ನಿರ್ಣಯ ಮಾಡಿತು, 1973ರಲ್ಲಿ ಸಂಸತ್ತು ಕಾಯಿದೆ ಮಾಡಿತು, ಜಾರಿಯಾದ ದಿನ ಮತ್ತೆ ನವೆಂಬರ್ 1. ಇದು ಕಾಕತಾಳೀಯವಲ್ಲ. ರಾಜ್ಯೋತ್ಸವ ಹದಿನೇಳು ವರ್ಷ ನಡೆದು ಬಂದಿತ್ತು. ಹೆಸರನ್ನು ಆ ದಿನದ ಮೇಲೇ ಕೂರಿಸಿದರು. ಹೀಗಾಗಿ ಇವತ್ತಿನ ಹುಡುಗರಿಗೆ 'ನವೆಂಬರ್ 1ರಂದು ಕರ್ನಾಟಕ ಹುಟ್ಟಿತು' ಎಂಬ ಒಂದೇ ವಾಕ್ಯದಲ್ಲಿ ಎರಡು ಬೇರೆ ವರ್ಷಗಳ ಕೆಲಸ ಬೆರೆತುಹೋಗಿದೆ. ಏಕೀಕರಣಕ್ಕೆ ಬದುಕು ತೇದ ಆಲೂರು ವೆಂಕಟರಾಯರು 1956ನ್ನು ಕಂಡರು. 1964ರಲ್ಲಿ ತೀರಿಕೊಂಡ ಅವರು 1973ನ್ನು ಕಾಣಲಿಲ್ಲ. ಎರಡೂ ದಿನವನ್ನು ಒಂದೇ ಎಂದರೆ ಆ ಹದಿನೇಳು ವರ್ಷಗಳ ಕಾಯುವಿಕೆ ಅಳಿಸಿಹೋಗುತ್ತದೆ.

ಹೆಸರು ಬದಲಾದ ಹೊತ್ತಿನಲ್ಲಿ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಕೆ.ಎಸ್. ನಾಗರತ್ನಮ್ಮ. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷೆ, ಗುಂಡ್ಲುಪೇಟೆ ಕ್ಷೇತ್ರದ ಶಾಸಕಿ, 1972ರಿಂದ 1978ರವರೆಗೆ ಆ ಪೀಠದಲ್ಲಿದ್ದವರು. ಹಂಗಳದ ಓಟು ಅವರ ಕ್ಷೇತ್ರದ್ದು. ರಾಜ್ಯೋತ್ಸವದ ಭಾಷಣಗಳಲ್ಲಿ ದೇವರಾಜ ಅರಸರ ಹೆಸರು ಬರುತ್ತದೆ. ಈ ತಾಲ್ಲೂಕಿನಲ್ಲಾದರೂ ನಾಗರತ್ನಮ್ಮನವರ ಹೆಸರು ಜೊತೆಗೆ ಬರಬೇಕು.

ಒಮ್ಮೆ ದಿನ ಗಟ್ಟಿಯಾದರೆ ಮುಂದಿನವು ಅದನ್ನು ಹುಡುಕಿಕೊಂಡು ಬರುತ್ತವೆ. ಕೋಯಿಕ್ಕೋಡ್, ಕಣ್ಣೂರು ಜಿಲ್ಲೆಗಳ ಭಾಗಗಳನ್ನು ಸೇರಿಸಿ ವಯನಾಡು ಜಿಲ್ಲೆ ಮಾಡಿದ್ದು 1980ರ ನವೆಂಬರ್ 1ರಂದು, ಪಿರವಿಯ ದಿನವೇ. ಎರಡು ವರ್ಷದ ಮೇಲೆ ಅದೇ ದಿನ ಪತ್ತನಂತಿಟ್ಟ ಜಿಲ್ಲೆ. 1956ರ ನವೆಂಬರ್ 1ಕ್ಕೆ ರೂಪುಗೊಂಡ ಮಧ್ಯಪ್ರದೇಶದಿಂದ 2000ದ ನವೆಂಬರ್ 1ಕ್ಕೆ ಛತ್ತೀಸಗಢ ಬೇರೆಯಾಯಿತು. ಎರಡಕ್ಕೂ ಸ್ಥಾಪನಾ ದಿನ ಒಂದೇ. ಅದೇ ತಿಂಗಳಲ್ಲಿ ಬಂದ ಝಾರ್ಖಂಡ್ ತನ್ನ ದಿನವನ್ನು ಬಿರ್ಸಾ ಮುಂಡಾ ಹುಟ್ಟಿದ ನವೆಂಬರ್ 15ಕ್ಕೆ ಇಟ್ಟುಕೊಂಡಿತು. ಬೆಂಗಳೂರು, ಮೈಸೂರು, ಮಂಗಳೂರು ಸೇರಿ 12 ಊರುಗಳ ಇಂಗ್ಲಿಷ್ ಬರಹ ಬದಲಾದದ್ದು 2014ರ ನವೆಂಬರ್ 1ಕ್ಕೆ. ಹಂಗಳದ ಬಸ್ ನಿಲ್ದಾಣದಲ್ಲಿ ಕನ್ನಡ ಬೋರ್ಡು ಓದಿ ಮೈಸೂರಿನ ಬಸ್ ಹತ್ತುವವರಿಗೆ ಅದರಿಂದ ಬದಲಾದದ್ದೇನೂ ಇಲ್ಲ.

ದಿನವೇ ಕಾರಣವಾದಾಗ

ಪಟ್ಟಿಗಳಲ್ಲಿ ಅಪರೂಪಕ್ಕೆ ಇನ್ನೊಂದು ಬಗೆ ಸಿಗುತ್ತದೆ. ಅಲ್ಲಿ ಘಟನೆಯ ಆಕಾರವನ್ನೇ ತಾರೀಖು ತಿದ್ದಿರುತ್ತದೆ.

ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. 1755ರಲ್ಲಿ ಆ ದಿನ ಬೆಳಿಗ್ಗೆ ಪೋರ್ಚುಗಲ್‌ನ ಲಿಸ್ಬನ್ ನಗರ ಕಂಪಿಸಿದಾಗ ಜನ ಚರ್ಚುಗಳಲ್ಲಿ ತುಂಬಿದ್ದರು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಕಲ್ಲಿನ ಚಾವಣಿ ಕುಸಿಯಿತು, ಬತ್ತಿಗಳು ಉರುಳಿ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು, ಕಡಲು ಉಕ್ಕಿ ಬಂತು. ಸತ್ತವರು ಹತ್ತಾರು ಸಾವಿರ. ಭೂಮಿ ನಡುಗಿದ್ದಕ್ಕೆ ಹಬ್ಬ ಕಾರಣವಲ್ಲ. ಅಷ್ಟು ಜನ ಅಷ್ಟು ಹೊತ್ತಿಗೆ ಕಲ್ಲಿನ ಕಟ್ಟಡಗಳೊಳಗೆ ಇದ್ದದ್ದಕ್ಕೆ ಹಬ್ಬ ಕಾರಣ.

ಅಲ್ಜೀರಿಯಾದ ದಂಗೆಕೋರರು 1954ರ ನವೆಂಬರ್ 1ನ್ನು ಲೆಕ್ಕ ಹಾಕಿಯೇ ಆರಿಸಿದರು. ಹಬ್ಬದ ರಜೆಯಲ್ಲಿ ಫ್ರೆಂಚ್ ಅಧಿಕಾರಿಗಳ ಎಚ್ಚರ ಸಡಿಲವಾಗಿರುತ್ತದೆ. ಅಂದು ಶುರುವಾದ ಯುದ್ಧ 1962ರವರೆಗೆ ನಡೆಯಿತು.

ಅದೇ 1954ರ ನವೆಂಬರ್ 1ರಂದು ಇದೇ ಫ್ರಾನ್ಸ್ ಪುದುಚೇರಿಯ ಆಡಳಿತವನ್ನು ಭಾರತಕ್ಕೆ ಒಪ್ಪಿಸಿತು. ಎರಡು ವಾರ ಮುಂಚೆ, ಅಕ್ಟೋಬರ್ 18ರಂದು, ಕೀಳೂರಿನಲ್ಲಿ ನಡೆದ ಮತದಾನದಲ್ಲಿ 178 ಪ್ರತಿನಿಧಿಗಳ ಪೈಕಿ 170 ಮಂದಿ ಭಾರತದ ಪರ ನಿಂತಿದ್ದರು. ಒಂದೇ ದಿನ ಒಂದು ವಸಾಹತಿನಿಂದ ಸದ್ದಿಲ್ಲದೆ ಹೊರನಡೆದ ದೇಶ ಇನ್ನೊಂದರಲ್ಲಿ ಎಂಟು ವರ್ಷದ ಯುದ್ಧಕ್ಕೆ ಸಿಕ್ಕಿಕೊಂಡಿತು. ದಿನ ಒಂದಾದದ್ದು ಆಕಸ್ಮಿಕ. ಆದರೆ ಎರಡೂ ಕಥೆ ಮುಂದೆ ಒಂದಕ್ಕೊಂದು ಹೆಣೆದುಕೊಂಡವು. ಪುದುಚೇರಿಯನ್ನು ಬಿಟ್ಟುಕೊಡುವ ಒಪ್ಪಂದಕ್ಕೆ 1956ರಲ್ಲೇ ಸಹಿಯಾಗಿದ್ದರೂ ಫ್ರೆಂಚ್ ಸಂಸತ್ತು ಒಪ್ಪಿಗೆ ಕೊಟ್ಟದ್ದು ಅಲ್ಜೀರಿಯಾ ಸ್ವತಂತ್ರವಾದ ಮೇಲೆ. ಕಾನೂನಿನ ಹಸ್ತಾಂತರ 1962ರ ಆಗಸ್ಟ್ 16ಕ್ಕೆ. 'ಇದೇ ದಿನ' ಎಂಬ ಪಟ್ಟಿ ಕೆಲಸಕ್ಕೆ ಬರುವುದು ಇಂಥ ಕಡೆ. ಎರಡು ಸಾಲನ್ನು ಅಕ್ಕಪಕ್ಕ ಇಟ್ಟದ್ದರಿಂದಲೇ ಒಂದು ಸಾಮ್ರಾಜ್ಯ ಕರಗಿದ ಬಗೆ ಕಣ್ಣಿಗೆ ಬೀಳುತ್ತದೆ.

ಒಂದೇ ದಿನ ಎಂದರೆ ಯಾರ ಪಂಚಾಂಗದಲ್ಲಿ?

ಇಷ್ಟು ಹೊತ್ತು 'ಒಂದೇ ದಿನ' ಎಂದದ್ದು ಕ್ಯಾಲೆಂಡರಿನ ಮಾತು. ಪಂಚಾಂಗ ತೆರೆದರೆ ಅದು ಒಡೆಯುತ್ತದೆ. 1956ರ ನವೆಂಬರ್ 1 ದುರ್ಮುಖಿ ಸಂವತ್ಸರದ ಆಶ್ವಯುಜ ಕೃಷ್ಣ ಪಕ್ಷದ ಕೊನೆ. 1973ರ ನವೆಂಬರ್ 1 ಪ್ರಮಾದೀಚ ಸಂವತ್ಸರದ ಕಾರ್ತಿಕ ಶುಕ್ಲ ಪಕ್ಷದ ಮೊದಲ ವಾರ. ದೀಪಾವಳಿ ಆಗಲೇ ಮುಗಿದಿತ್ತು. ಎರಡೂ ಗುರುವಾರ ಎಂಬುದು ಬಿಟ್ಟರೆ ಪಂಚಾಂಗದ ಮಟ್ಟಿಗೆ ಅವು ಒಂದೇ ದಿನವಲ್ಲ. ಏಕೀಕರಣದ ದಿನವನ್ನು ತಿಥಿಯ ಮೇಲೆ ಆಚರಿಸುವುದಾಗಿದ್ದರೆ ರಾಜ್ಯೋತ್ಸವ ದೀಪಾವಳಿಯ ಜೊತೆಗೇ ಪ್ರತಿ ವರ್ಷ ಹಿಂದೆ ಮುಂದೆ ಓಡಾಡುತ್ತಿತ್ತು.

ನಮ್ಮ ಶಾಸನಗಳು ದಿನ ಹೇಳುವುದೇ ಹಾಗೆ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೇ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಶಾಸನಗಳಿವೆ. ಅವನ್ನು ಇಂಗ್ಲಿಷ್ ತಾರೀಖಿಗೆ ಹೊಂದಿಸಲು ವಾರವೂ ತಿಥಿಯೂ ತಾಳೆಯಾಗಬೇಕು. ಆಗದಿದ್ದರೆ ಬರೆದವನದೋ ಕೆತ್ತಿದವನದೋ ಲೆಕ್ಕ ತಪ್ಪಿದೆ ಎಂದರ್ಥ. ಈ ಹೊಂದಿಕೆಗೆಂದೇ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಸಾವಿರಾರು ದಿನಗಳ ಕೋಷ್ಟಕ ಮಾಡಿದರು. ಹೊಂದಿಸಲು ಇಷ್ಟು ಶ್ರಮವಿರುವ ಕಾರಣಕ್ಕೇ ಹಳೆಯ ಘಟನೆಗಳು ದಿನವಿಶೇಷದ ಪಟ್ಟಿಗೆ ಬರುವುದು ಕಡಿಮೆ. ಹಂಗಳದ ಮಟ್ಟಿಗೆ ದೊಡ್ಡ ಚರಿತ್ರೆಯೆಂದರೆ ಚಿಕ್ಕದೇವರಾಜ ಒಡೆಯರದು: 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಅವರನ್ನು ಇದೇ ಊರಿನಲ್ಲಿ ಬಂಧನದಲ್ಲಿ ಇಡಲಾಗಿತ್ತು. ಪಟ್ಟಿಗಳಿಗೆ ಇಂಥದ್ದು ಒಗ್ಗುವುದಿಲ್ಲ. ಸೆರೆವಾಸಕ್ಕೆ ವರ್ಷಗಳಿರುತ್ತವೆ, ತಾರೀಖಿರುವುದಿಲ್ಲ.

ತೀರ ಈಚಿನ ಘಟನೆಗೂ ದಿನ ಗಟ್ಟಿಯಿಲ್ಲ. ಅಮೆರಿಕ ತನ್ನ ಮೊದಲ ಹೈಡ್ರೋಜನ್ ಬಾಂಬು ಸಿಡಿಸಿದ್ದು ಪೆಸಿಫಿಕ್ ದ್ವೀಪದ ಗಡಿಯಾರದಲ್ಲಿ 1952ರ ನವೆಂಬರ್ 1. ಗ್ರೀನಿಚ್‌ನಲ್ಲಿ ಆಗ ಅಕ್ಟೋಬರ್ 31ರ ಸಂಜೆ. ರಷ್ಯಾದ ಅಕ್ಟೋಬರ್ ಕ್ರಾಂತಿ ನಡೆದದ್ದು ನಾವು ಬಳಸುವ ಕ್ಯಾಲೆಂಡರಿನಲ್ಲಿ ನವೆಂಬರ್ 7.

ಇನ್ನು ಹೊಲದ ದಿನಗಳೇ ಬೇರೆ. ಗುಂಡ್ಲುಪೇಟೆ ಸುತ್ತ ರಸ್ತೆಯ ಎರಡೂ ಬದಿ ಚೆಂಡುಹೂ ಅರಳುವುದು ಕೇರಳದ ಓಣಂ ಹೊತ್ತಿಗೆ. ಓಣಂ ಆಗಸ್ಟಿನಲ್ಲಿ ಬಂತೋ ಸೆಪ್ಟೆಂಬರಿನಲ್ಲೋ ಎಂದು ನೋಡಿ ರೈತ ಸಸಿ ಹಾಕಬೇಕು. ಹೂ ಬೇಗ ಬಿಟ್ಟರೂ ನಷ್ಟ, ತಡವಾದರೂ ನಷ್ಟ. ಗಡಿಯ ಎರಡು ಬದಿಯ ನಾಡುಗಳನ್ನು ಪ್ರತಿ ವರ್ಷ ಜೋಡಿಸುವ ಲೆಕ್ಕ ಅದು. ಇಂಗ್ಲಿಷ್ ತಾರೀಖಿನ ಯಾವ ಪಟ್ಟಿಯಲ್ಲೂ ಅದಕ್ಕೊಂದು ಖಾಯಂ ಜಾಗ ಸಿಗುವುದಿಲ್ಲ.

ಒಬ್ಬರ ಹಬ್ಬ, ಇನ್ನೊಬ್ಬರ ನಷ್ಟ

ಒಂದು ದಿನ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ನವೆಂಬರ್ 1ರಷ್ಟು ಚೆನ್ನಾಗಿ ತೋರಿಸುವ ತಾರೀಖು ಭಾರತದಲ್ಲಿ ಇನ್ನೊಂದಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಅದು ಕೇರಳಕ್ಕೆ ಸೇರಿದ ದಿನ. ಕಯ್ಯಾರ ಕಿಞ್ಞಣ್ಣ ರೈ ಅವರಂಥ ಕವಿ ನೂರು ವರ್ಷ ಬಾಳಿ, ಅದರ ದೊಡ್ಡ ಪಾಲನ್ನು ಆ ಗಡಿ ಪ್ರಶ್ನಿಸುವುದರಲ್ಲೇ ಕಳೆದರು. ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಕನ್ನಡ ನಾಡಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಬೆಳಗಾವಿಯಲ್ಲಿ ಒಂದು ಬೀದಿಯಲ್ಲಿ ಭುವನೇಶ್ವರಿಯ ಮೆರವಣಿಗೆ ಹೋಗುವಾಗ ಮಹಾರಾಷ್ಟ್ರ ಏಕೀಕರಣ ಸಮಿತಿ ಇನ್ನೊಂದು ಬೀದಿಯಲ್ಲಿ ಕರಾಳ ದಿನ ಆಚರಿಸುತ್ತದೆ. ಕೊಡಗಿಗೆ ಸ್ವಂತ ಶಾಸನಸಭೆ, ಸ್ವಂತ ಮುಖ್ಯಮಂತ್ರಿ ಇದ್ದರು, ಸಿ.ಎಂ. ಪೂಣಚ್ಚನವರ ಆ ಪುಟ್ಟ ರಾಜ್ಯ ಅಂದು ಒಂದು ಜಿಲ್ಲೆಯಾಯಿತು. ಕಲಬುರಗಿ ಕಡೆಯವರಿಗೆ ನವೆಂಬರ್ 1ರ ಜೊತೆಗೆ ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ 17ರ ನೆನಪೂ ಗಟ್ಟಿ.

ಆಂಧ್ರದವರ ದಿನ ಇನ್ನೂ ತಾಕಲಾಟದ್ದು. 1956ರ ನವೆಂಬರ್ 1ಕ್ಕೆ ಹೈದರಾಬಾದಿನಲ್ಲಿ ನೆಹರೂ ಉದ್ಘಾಟಿಸಿದ ರಾಜ್ಯ 2014ರ ಜೂನ್ 2ಕ್ಕೆ ಒಡೆಯಿತು. ತೆಲಂಗಾಣಕ್ಕೆ ಜೂನ್ 2 ಹಬ್ಬ. ಉಳಿದ ಆಂಧ್ರ ಕೆಲವು ವರ್ಷ ಜೂನ್ 2ರಂದು ಸಂಕಲ್ಪದ ದಿನ ಮಾಡಿತು, 2019ರಲ್ಲಿ ಮತ್ತೆ ನವೆಂಬರ್ 1ಕ್ಕೆ ಬಂತು. ಸರ್ಕಾರ ಬದಲಾದಂತೆ ಹುಟ್ಟುಹಬ್ಬ ಬದಲಾಯಿತು.

ತಮಿಳುನಾಡಿನ ಕಥೆ ಹಂಗಳಕ್ಕೆ ಅತಿ ಹತ್ತಿರದ್ದು. 1956ರಲ್ಲಿ ಮದ್ರಾಸ್ ರಾಜ್ಯ ಕನ್ಯಾಕುಮಾರಿಯನ್ನು ಗಳಿಸಿತು. ಮಲಬಾರ್, ದಕ್ಷಿಣ ಕನ್ನಡ, ಕೊಳ್ಳೇಗಾಲವನ್ನು ಕೊಟ್ಟಿತು. ಕೊಟ್ಟು ಕುಗ್ಗಿದ ದಿನವನ್ನು ಹುಟ್ಟುಹಬ್ಬ ಮಾಡುವುದು ಹೇಗೆ? 2019ರಲ್ಲಿ ಅಲ್ಲಿನ ಸರ್ಕಾರ ನವೆಂಬರ್ 1ನ್ನೇ ತಮಿಳುನಾಡು ದಿನವೆಂದು ಘೋಷಿಸಿತ್ತು. 2021ರಲ್ಲಿ ಹೊಸ ಸರ್ಕಾರ ಅದನ್ನು ಜುಲೈ 18ಕ್ಕೆ ಬದಲಿಸಿತು. ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರಿಡಬೇಕೆಂದು 1967ರಲ್ಲಿ ಶಾಸನಸಭೆ ನಿರ್ಣಯಿಸಿದ ದಿನ ಅದು. ನಾವು ನೆಲ ಕೂಡಿದ ದಿನದ ಮೇಲೆ ಹೆಸರನ್ನು ತಂದಿಟ್ಟೆವು. ಅವರು ನೆಲದ ದಿನ ಬಿಟ್ಟು ಹೆಸರಿನ ದಿನ ಹಿಡಿದರು. ಎರಡೂ ಆಯ್ಕೆಗಳು ಒಂದೇ ಕಾಯಿದೆಯ ಎರಡು ಬದಿ.

ಪಟ್ಟಿಯನ್ನು ಓದುವ ಬಗೆ

ಹಾಗೆಂದು ದಿನವಿಶೇಷವನ್ನು ತಳ್ಳಿಹಾಕಬೇಕಿಲ್ಲ. ಊರಿನ ಹುಡುಗನಿಗೆ ಚರಿತ್ರೆಯ ಬಾಗಿಲು ತೆರೆಯುವುದು ಎಷ್ಟೋ ಸಲ ಇಂಥ ಚೀಟಿಯೇ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ಬಂದರೆ ಸಾಕು. ಈ ದಿನವನ್ನು ಯಾರಾದರೂ ಆರಿಸಿದರೇ, ಇಲ್ಲ ತಾನಾಗಿ ಬಂತೇ? ಆರಿಸಿದ್ದರೆ ಅನುಕೂಲಕ್ಕೋ, ಹಿಂದಿನ ನೆನಪಿಗೋ? ಆ ದಿನ ಪಡೆದವರು ಯಾರು, ಕಳೆದುಕೊಂಡವರು ಯಾರು? ಲಿಸ್ಬನ್, ಅಲ್ಜೀರಿಯಾ, ಕೊಳ್ಳೇಗಾಲ ಮೂರಕ್ಕೂ ಉತ್ತರ ಬೇರೆ ಬೇರೆ ಬರುತ್ತದೆ. ಅಷ್ಟು ಬೇರೆ ಮಾಡಿಕೊಂಡರೆ ಪಟ್ಟಿಯೇ ಒಂದು ಪಾಠವಾಗುತ್ತದೆ.

ರಾಜ್ಯೋತ್ಸವದ ಭಾಷಣಗಳು ನವೆಂಬರ್ ತಿಂಗಳಿಡೀ ನಡೆಯುತ್ತವೆ. 'ನವೆಂಬರ್ ಕನ್ನಡಿಗರು' ಎಂಬ ಕುಹಕವೂ ಅದಕ್ಕೇ ಹುಟ್ಟಿದ್ದು. ಪ್ರತಿ ಊರಲ್ಲೂ ಅದೇ ಭಾಷಣ, ಕದಂಬರಿಂದ ಶುರುವಾಗಿ ಜ್ಞಾನಪೀಠಕ್ಕೆ ಮುಗಿಯುವುದು. ಹಂಗಳ ಹೋಬಳಿಯ ಶಾಲೆಗಳಿಗೆ ಅದಕ್ಕಿಂತ ಹತ್ತಿರದ ಸಾಮಗ್ರಿ ಇದೆ. ಏಳುಮಲೆ ಯಾವ ರಾಜ್ಯದಲ್ಲಿತ್ತು, ಗಾಜನೂರು ಏಕೆ ಬರಲಿಲ್ಲ, ವಯನಾಡಿಗೆ ಜಿಲ್ಲೆಯ ದಿನ ಪಿರವಿಯಂದೇ ಏಕೆ, ಗೂಡಲೂರಿನ ಶಾಲೆಯಲ್ಲಿ ಅಂದು ಏಕೆ ಹಬ್ಬವಿಲ್ಲ: ಈ ನಾಲ್ಕು ಪ್ರಶ್ನೆಗಳಲ್ಲಿ 1956ರ ಇಡೀ ಕಾಯಿದೆ ಅಡಗಿದೆ.

2056ಕ್ಕೆ ಆ ಕಾಯಿದೆಗೆ ನೂರು ವರ್ಷ. ಇವತ್ತು ಹಂಗಳದಲ್ಲಿ ಒಂದನೇ ತರಗತಿಯಲ್ಲಿರುವ ಮಗು ಆಗ ನಲವತ್ತರ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನಲ್ಲಿ, ತಿರುವನಂತಪುರದಲ್ಲಿ, ಭೋಪಾಲಿನಲ್ಲಿ ಆಗ ದೊಡ್ಡ ಪಟ್ಟಿಗಳು ತಯಾರಾಗುತ್ತವೆ, ದೊಡ್ಡ ವೇದಿಕೆ ಕಟ್ಟುತ್ತಾರೆ. ಆ ಹೊತ್ತಿಗೆ ಮೂರು ರಾಜ್ಯದ ಮೂಲೆಯಿಂದ ಹೋದ ಒಬ್ಬರಾದರೂ ಕೊಳ್ಳೇಗಾಲ ಬಂದದ್ದನ್ನೂ ತಾಳವಾಡಿ ಉಳಿದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಲು ಬರಬೇಕು. ಅದನ್ನು ಕಲಿಸುವ ಕೆಲಸಕ್ಕೆ ನೂರನೇ ವರ್ಷ ಕಾಯಬೇಕಿಲ್ಲ. ಮುಂದಿನ ರಾಜ್ಯೋತ್ಸವದ ಭಾಷಣದಲ್ಲೇ ಶುರು ಮಾಡಬಹುದು.